ಭಾಗಿಸಿದರೆ ಸಿಗುವುದು

ಹೋದ ಕಾರ್ತಿಕದಲ್ಲಿ ನಮ್ಮೂರ ಗುಡಿಯ ಮುಂದೆ ಶಾಮಿಯಾನ ಹಾಕಿ ಮೂರು ದಿನ ಪ್ರವಚನ ಇಟ್ಟಿದ್ದರು. ಎರಡನೆಯ ಸಂಜೆ ಪ್ರವಚನಕಾರರು ಮೈಕಿನ ವೈರನ್ನು ಕೈಯಲ್ಲಿ ಎತ್ತಿ ಹಿಡಿದು ಕೇಳಿದರು: "ಇದರೊಳಗೆ ಕರೆಂಟು ಹರೀತಾ ಇದೆ. ನಿಮ್ಮಲ್ಲಿ ಯಾರಾದರೂ ಕರೆಂಟನ್ನ ಕಣ್ಣಾರೆ ಕಂಡಿದ್ದೀರಾ? ಇಲ್ಲ. ಆದರೂ ಇದೆ ಅಂತ ನಂಬ್ತೀರಿ. ದೇವರೂ ಹಾಗೇ ಕಣ್ರಪ್ಪ." ಜನ ತಲೆದೂಗಿದರು. ಹೆಂಗಸರ ಸಾಲಿನಲ್ಲಿ ಒಂದಿಬ್ಬರು ಕೈಮುಗಿದರು. ಪಕ್ಕದಲ್ಲಿ ಕೂತಿದ್ದ ಗೆಳೆಯ ನನ್ನ ಮೊಣಕೈ ತಿವಿದು, "ನಿಮ್ಮ ಪಾಠವೇ ಬಂತಲ್ಲ ಮೇಷ್ಟ್ರೇ" ಎಂದ.

ನಾನು ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡಿನ ಹುಡುಗರಿಗೆ 34 ವರ್ಷ ಪಾಠ ಹೇಳಿದವನು. ದೇವರಿಗೆ ಕೈಮುಗಿಯುವವನೂ ಹೌದು. ಆದರೂ ಆ ಮಾತು ಕೇಳಿ ಸಂಕಟವಾಯಿತು. ರಾತ್ರಿ ಮಲಗಿದರೂ ಬಿಡಲಿಲ್ಲ. ಆ ಹೋಲಿಕೆಯಲ್ಲಿ ಕರೆಂಟಿಗೂ ಅನ್ಯಾಯವಾಗುತ್ತದೆ, ದೇವರಿಗೂ ಅನ್ಯಾಯವಾಗುತ್ತದೆ ಎಂಬುದು ನನ್ನ ಬಹುಕಾಲದ ತಿಳುವಳಿಕೆ. ಅದು ಪುಸ್ತಕ ಓದಿ ಬಂದದ್ದಲ್ಲ. ಮೇಲುಕೋಟೆಯ ಒಂದು ಹಳೆಯ ಮನೆಯ ಗೋಡೆಯೊಳಗೆ ಸುಟ್ಟು ಕರಕಲಾಗಿದ್ದ ಒಂದು ಜಾಯಿಂಟು ಅದನ್ನು ಕಲಿಸಿತು. ನನ್ನ ತಮ್ಮನ ಸಾವು ಕಲಿಸಿತು.

ಮೊದಲು ಕರೆಂಟಿನ ಮಾತು ಹೇಳಿಬಿಡುತ್ತೇನೆ.

ಹೊಸ ಬ್ಯಾಚಿನ ಹುಡುಗರಿಗೆ ನಾನು ಮೊದಲ ವಾರ ಹೇಳುತ್ತಿದ್ದುದು ಇಷ್ಟೇ. ನಿಮ್ಮ ಹತ್ತಿರ ಎರಡು ಮೀಟರ್ ಇವೆ. ಒಂದು ವೋಲ್ಟ್ ತೋರಿಸುತ್ತದೆ. ನಾಲೆಯಲ್ಲಿ ನೀರು ಎಷ್ಟು ಎತ್ತರದಲ್ಲಿ ನಿಂತಿದೆ ಅಂತ ನೋಡಿದ ಹಾಗೆ. ಇನ್ನೊಂದು ಆಂಪಿಯರ್ ತೋರಿಸುತ್ತದೆ. ತೂಬಿನಿಂದ ಗದ್ದೆಗೆ ಎಷ್ಟು ನೀರು ಹೋಗುತ್ತಿದೆ ಅಂತ ನೋಡಿದ ಹಾಗೆ. ಈ ಎರಡು ಅಂಕಿ ಸಿಕ್ಕರೆ ಸಾಕು. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಓಮ್ ಬರುತ್ತದೆ: ದಾರಿಯಲ್ಲಿ ಎಷ್ಟು ತಡೆ ಇದೆ ಅನ್ನುವುದು. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್ ಬರುತ್ತದೆ: ಕ್ಷಣಕ್ಕೆ ಎಷ್ಟು ಕೆಲಸ ಆಗುತ್ತಿದೆ ಅನ್ನುವುದು. 230 ವೋಲ್ಟಿನಲ್ಲಿ 60 ವ್ಯಾಟಿನ ಬಲ್ಬು ಉರಿಯುವಾಗ 0.26 ಆಂಪಿಯರ್ ಹರಿಯುತ್ತದೆ. ಗುಣಿಸಿ ನೋಡಿ, ಅರವತ್ತಕ್ಕೆ ಕೂದಲೆಳೆ ಕಡಿಮೆ. ಭಾಗಿಸಿ ನೋಡಿ, ಸುಮಾರು 885 ಓಮ್.

ಹುಡುಗರು ಇದನ್ನು ಬಾಯಿಪಾಠ ಮಾಡಿ ಪಾಸಾಗುತ್ತಿದ್ದರು. ಆದರೆ ಇಲ್ಲೊಂದು ಆಶ್ಚರ್ಯವಿದೆ, ನನಗೆ ಅದು ಇಂದಿಗೂ ಹಳೆಯದಾಗಿಲ್ಲ. ತಡೆಯನ್ನು ನೇರವಾಗಿ ಮುಟ್ಟುವ ಮೀಟರ್ ನನ್ನ ಕೈಗೆ ಯಾವತ್ತೂ ಬರಲಿಲ್ಲ. ಮಲ್ಟಿಮೀಟರನ್ನು ಓಮಿಗೆ ತಿರುಗಿಸಿದರೆ ಅಂಕಿ ಬರುತ್ತದಲ್ಲ ಎನ್ನಬಹುದು. ಅದು ಕೂಡ ತನ್ನ ಹೊಟ್ಟೆಯೊಳಗಿನ ಸಣ್ಣ ಬ್ಯಾಟರಿಯಿಂದ ಒಂದಿಷ್ಟು ಕರೆಂಟು ನೂಕಿ, ವೋಲ್ಟು ಎಷ್ಟು ಅಂತ ನೋಡಿ, ನಮ್ಮ ಪರವಾಗಿ ಒಳಗೊಳಗೇ ಭಾಗಾಕಾರ ಮಾಡಿ ಹೇಳುತ್ತದೆ. ತಡೆ ಎನ್ನುವುದು ಯಾವಾಗಲೂ ಕಂಡದ್ದರಿಂದ ತಿಳಿದುಕೊಂಡದ್ದು. ಅದನ್ನು ಕಂಡವರಿಲ್ಲ. ಅಷ್ಟರಮಟ್ಟಿಗೆ ಪ್ರವಚನಕಾರರ ಮಾತು ನಿಜ.

1991ರಲ್ಲಿ ಮೇಲುಕೋಟೆಯಿಂದ ನನಗೆ ಒಂದು ಕರೆ ಬಂತು. ಸಂಸ್ಕೃತ ಪಾಠ ಹೇಳಿ ನಿವೃತ್ತರಾಗಿದ್ದ ವಿದ್ವಾಂಸರೊಬ್ಬರು, ನನ್ನ ಸಹೋದ್ಯೋಗಿಯ ಪರಿಚಯದವರು. ಅವರ ಮನೆಯಲ್ಲಿ ಹೀಟರ್ ರಾಡ್ ಹಾಕಿದರೆ ನೀರು ಕಾಯಲು ಹೊತ್ತೋ ಹೊತ್ತು, ಅದೇ ಕೋಣೆಯ ಬಲ್ಬು ಮಂಕು. ನೋಡಿದವರೆಲ್ಲ "ಊರಿಗೇ ವೋಲ್ಟೇಜ್ ಡಲ್ಲು ಸ್ವಾಮಿ" ಎಂದು ಹೇಳಿ ಹೋಗಿದ್ದರಂತೆ. ಒಂದು ಭಾನುವಾರ ಹೋದೆ. ಕಲ್ಯಾಣಿಯಿಂದ ಮೇಲಕ್ಕೆ ಹೋಗುವ ಬೀದಿಯಲ್ಲಿ ತೊಟ್ಟಿ ಮನೆ, ಮಣ್ಣಿನ ದಪ್ಪ ಗೋಡೆ, ಮರದ ಪಟ್ಟಿಯ ಮೇಲೆ ಎಳೆದ ವೈರಿಂಗು. ಮಧ್ಯೆ ಯಾರೋ ಗಾರೆಯಲ್ಲಿ ಮುಚ್ಚಿಬಿಟ್ಟಿದ್ದರು.

ಸಾವಿರ ವ್ಯಾಟಿನ ರಾಡ್ ಹಾಕಿಸಿದೆ. ಮೀಟರ್ ಬೋರ್ಡಿನ ಹತ್ತಿರ 224 ವೋಲ್ಟ್ ಇತ್ತು. ಹಿತ್ತಲ ಕೋಣೆಯ ಸಾಕೆಟ್ಟಿನಲ್ಲಿ 190. ಟಾಂಗ್ ಟೆಸ್ಟರ್ ಹಿಡಿದರೆ 3.6 ಆಂಪಿಯರ್. ಅಂದರೆ ಬೋರ್ಡಿಗೂ ಕೋಣೆಗೂ ನಡುವೆ 34 ವೋಲ್ಟ್ ಎಲ್ಲೋ ಸೋರಿಹೋಗುತ್ತಿದೆ. ಮೂವತ್ತನಾಲ್ಕನ್ನು 3.6ರಿಂದ ಭಾಗಿಸಿದೆ: ಒಂಬತ್ತೂವರೆ ಓಮಿಗೆ ಹತ್ತಿರ. ಅಷ್ಟು ಉದ್ದದ ತಾಮ್ರದ ತಂತಿಗೆ ಅರ್ಧ ಓಮ್ ಇದ್ದರೆ ಹೆಚ್ಚು. ಇನ್ನು ಗುಣಿಸಿದೆ: 122 ವ್ಯಾಟ್. ಎರಡು ಅರವತ್ತರ ಬಲ್ಬು ಉರಿಯುವಷ್ಟು ಕಾವು ಈ ಗೋಡೆಯೊಳಗೆ, ಯಾರಿಗೂ ಕಾಣದ ಒಂದು ಗೇಣು ಜಾಗದಲ್ಲಿ ಉರಿಯುತ್ತಿದೆ.

"ಸ್ವಾಮಿ, ಊರಿನ ವೋಲ್ಟೇಜಿಗೆ ಏನೂ ಆಗಿಲ್ಲ. ನಿಮ್ಮ ಗೋಡೆಯೊಳಗೆ ಒಂದು ಜಾಯಿಂಟು ಸುಡ್ತಾ ಇದೆ" ಎಂದೆ. ಅವರು ಕನ್ನಡಕದ ಮೇಲಿಂದ ನೋಡಿದರು. ಗೋಡೆಗೆ ಅಂಗೈ ಆನಿಸಿಕೊಂಡು ಹೋದೆ. ನಡುಮನೆಯ ಬಾಗಿಲ ಮೇಲೆ ಒಂದು ಕಡೆ ಬೆಚ್ಚಗೆ ಹತ್ತಿತು. ಮೇನ್ ಆಫ್ ಮಾಡಿ ಗಾರೆ ಕೆರೆದರೆ ಒಳಗೆ ಜಂಕ್ಷನ್ ಡಬ್ಬಿ, ಅದರಲ್ಲಿ ತಾಮ್ರಕ್ಕೆ ಅಲ್ಯೂಮಿನಿಯಂ ತಿರುಚಿ ಕಟ್ಟಿದ್ದ ಗಂಟು, ಸುತ್ತ ಕರಕಲು, ಪಕ್ಕದ ಮರದ ಪಟ್ಟಿ ಇದ್ದಿಲಾಗಲು ಶುರುವಾಗಿತ್ತು.

ಅವರು ಆ ಡಬ್ಬಿಯನ್ನು ಕೈಯಲ್ಲಿ ತೆಗೆದುಕೊಂಡು ಬಹಳ ಹೊತ್ತು ನೋಡಿದರು. "ಗೋಡೆ ಒಡೆಯುವ ಮುಂಚೆಯೇ ಹೇಳಿದೆಯಲ್ಲಪ್ಪಾ! ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿ ಇದೆ ಅಂತ ಹೇಳೋದನ್ನ ನಲವತ್ತು ವರ್ಷ ಪಾಠ ಮಾಡಿದೀನಿ. ಬೆಂಕಿ ನೋಡೋಕೆ ಅಂತ ಯಾವತ್ತೂ ಬೆಟ್ಟ ಹತ್ತಿರಲಿಲ್ಲ" ಎಂದು ಮಗುವಿನಂತೆ ಸಂತೋಷಪಟ್ಟರು. ಆವತ್ತು ಊಟಕ್ಕೆ ನಿಲ್ಲಿಸಿಕೊಂಡರು. ಆಮೇಲೆ ಹತ್ತು ವರ್ಷ, ಅವರಿರುವ ತನಕ, ತಿಂಗಳಿಗೊಮ್ಮೆಯಾದರೂ ನಾನು ಆ ಜಗುಲಿಯಲ್ಲಿ ಕೂತಿದ್ದೇನೆ.

ನ್ಯಾಯಶಾಸ್ತ್ರದವರ ಅನುಮಾನ ಎಂಬ ಪದದ ಅರ್ಥ ನನಗೆ ತಿಳಿದದ್ದು ಅಲ್ಲಿ. ಮಾತಿನಲ್ಲಿ ನಾವು ಅನುಮಾನ ಎಂದರೆ ಸಂಶಯ ಎನ್ನುತ್ತೇವೆ. ಶಾಸ್ತ್ರದಲ್ಲಿ ಅದು ತದ್ವಿರುದ್ಧ: ಕಂಡದ್ದರಿಂದ ಕಾಣದ್ದನ್ನು ಖಚಿತವಾಗಿ ತಿಳಿಯುವ ದಾರಿ. ಆ ದಾರಿ ನಿಲ್ಲಬೇಕಾದರೆ ಕಂಡದ್ದಕ್ಕೂ ಕಾಣದ್ದಕ್ಕೂ ಎಂದೂ ಬಿಡದ ಜೋಡಿ ಇರಬೇಕು. ಅದಕ್ಕೆ ವ್ಯಾಪ್ತಿ ಎನ್ನುತ್ತಾರೆ. ಹೊಗೆ ಇದ್ದಲ್ಲೆಲ್ಲ ಬೆಂಕಿ ಉಂಟು. ಆದರೆ ಇದನ್ನು ತಿರುಗಿಸಿ, ಬೆಂಕಿ ಇದ್ದಲ್ಲೆಲ್ಲ ಹೊಗೆ ಉಂಟು ಎಂದರೆ ತಪ್ಪಾಗುತ್ತದೆ. ಯಾಕೆ ಎನ್ನುವುದಕ್ಕೆ ಅವರು ಕೊಟ್ಟ ಉದಾಹರಣೆ ಗ್ರಂಥಗಳಲ್ಲಿ ಮೊದಲಿನಿಂದ ಬಂದದ್ದು: ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣದ ಗುಂಡು. ಅದರಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಹೊಗೆ ಬರಬೇಕಾದರೆ ಸೌದೆ ಹಸಿಯಾಗಿರಬೇಕು. ಆ ಹಸಿ ಸೌದೆಯನ್ನು ಲೆಕ್ಕಕ್ಕೆ ಹಿಡಿಯದೆ ಮಾತಾಡಿದವನ ಅನುಮಾನ ಕೆಡುತ್ತದೆ. ಹೀಗೆ ನಮಗೆ ಗೊತ್ತಿಲ್ಲದೆ ನಡುವೆ ಬಂದು ಕೂತು ಜೋಡಿಯನ್ನು ಕೆಡಿಸುವುದಕ್ಕೆ ಉಪಾಧಿ ಎಂದು ಹೆಸರು.

ಕಾದ ಕಬ್ಬಿಣ ಎಂದ ಕೂಡಲೆ ನನಗೆ ಹೀಟರಿನ ಕಾಯಿಲ್ ನೆನಪಾಯಿತು, ಅದರ ಹಿಂದೆಯೇ ಬಲ್ಬು. ಮುಂದಿನ ಸಲ ಹೋಗುವಾಗ ಜೇಬಿನಲ್ಲಿ ಒಂದು 60 ವ್ಯಾಟಿನ ಬಲ್ಬನ್ನೂ ಮಲ್ಟಿಮೀಟರನ್ನೂ ತೆಗೆದುಕೊಂಡು ಹೋದೆ. "ಸ್ವಾಮಿ, ಈ ಬಲ್ಬಿನ ತಡೆ ಎಷ್ಟು ನೋಡಿ" ಎಂದು ತಣ್ಣನೆಯ ಬಲ್ಬಿಗೆ ಮೀಟರ್ ಹಿಡಿದೆ. 64 ಓಮ್. ಈಗ ಲೆಕ್ಕ ಹಾಕೋಣ. 230ನ್ನು 64ರಿಂದ ಭಾಗಿಸಿದರೆ ಮೂರೂವರೆ ಆಂಪಿಯರಿಗೂ ಮೇಲೆ. ಗುಣಿಸಿದರೆ 820 ವ್ಯಾಟ್ ದಾಟುತ್ತದೆ. ಬಲ್ಬಿನ ನೆತ್ತಿಯ ಮೇಲೆ ಅಚ್ಚಾಗಿರುವುದು 60. ಪ್ರತಿ ವರ್ಷ ನನ್ನ ಹುಡುಗರು ಇಲ್ಲಿ ಬೆಪ್ಪಾಗುತ್ತಿದ್ದರು. ಕೆಲವರು ಮೀಟರ್ ಕೆಟ್ಟಿದೆ ಎನ್ನುತ್ತಿದ್ದರು, ಕೆಲವರು ಸೂತ್ರವೇ ಸುಳ್ಳು ಎನ್ನುತ್ತಿದ್ದರು. ವಿದ್ವಾಂಸರು ಒಂದು ಕ್ಷಣ ಕಣ್ಣು ಮುಚ್ಚಿ, "ಉರಿಯುವಾಗ ಬೇರೆ ಆಗುತ್ತೇನಪ್ಪಾ?" ಎಂದರು. ನಾನು ಅವರ ಕಾಲು ಮುಟ್ಟಿದೆ. ಅದೇ ಉತ್ತರ. ಟಂಗ್‌ಸ್ಟನ್ ತಂತಿ ಸುಮಾರು 2,400 ಡಿಗ್ರಿಗೆ ಕಾದಾಗ ಅದರ ತಡೆ ತಣ್ಣಗಿದ್ದಾಗಿನ ಹದಿಮೂರು ಹದಿನಾಲ್ಕು ಪಟ್ಟು ಆಗಿರುತ್ತದೆ. ಸ್ವಿಚ್ ಹಾಕಿದ ಆ ಒಂದು ಗಳಿಗೆ ನಿಜವಾಗಿಯೂ ಮೂರೂವರೆ ಆಂಪಿಯರ್ ನುಗ್ಗುತ್ತದೆ. ಬಲ್ಬುಗಳು ಹೆಚ್ಚಾಗಿ ಸ್ವಿಚ್ ಹಾಕುವಾಗಲೇ ಫಟ್ ಎನ್ನುವುದು ಅದಕ್ಕೇ. ಕಾವು ಇಲ್ಲಿಯ ಉಪಾಧಿ.

ಓಮನ ಕತೆಯೂ ಇದೇ ಕತೆ ಎಂಬುದು ನನಗೆ ಆಮೇಲೆ ಹೊಳೆಯಿತು. ಗೇಯೋರ್ಗ್ ಸೈಮನ್ ಓಮ್ ಜರ್ಮನಿಯ ಎರ್ಲಾಂಗೆನ್ ಊರಿನ ಬೀಗ ಮಾಡುವವನ ಮಗ. ಹುಟ್ಟಿದ್ದು 1789. ಕಲೋನಿನ ಶಾಲೆಯಲ್ಲಿ ಮೇಷ್ಟ್ರು. ತಂತಿಗಳ ಉದ್ದ ಬದಲಾಯಿಸುತ್ತ ಕರೆಂಟು ಹೇಗೆ ಬದಲಾಗುತ್ತದೆಂದು ಅಳೆದು 1825ರಲ್ಲಿ ಒಂದು ನಿಯಮ ಪ್ರಕಟಿಸಿದ. ಅದು ತಪ್ಪಾಗಿತ್ತು. ಅವನು ಬಳಸಿದ ರಾಸಾಯನಿಕ ಬ್ಯಾಟರಿ ಪ್ರಯೋಗದ ನಡುವೆಯೇ ಸುಸ್ತಾಗಿ ವೋಲ್ಟು ಇಳಿಯುತ್ತಿತ್ತು. ಅವನು ಅದನ್ನೂ ತಂತಿಯ ಗುಣ ಎಂದು ಲೆಕ್ಕಕ್ಕೆ ಸೇರಿಸಿದ್ದ. ಪೊಗೆನ್‌ಡಾರ್ಫ್ ಎಂಬ ಪತ್ರಿಕಾ ಸಂಪಾದಕ ಕೊಟ್ಟ ಸಲಹೆಯಂತೆ, ಬ್ಯಾಟರಿ ಬಿಟ್ಟು, ತಾಮ್ರ ಮತ್ತು ಬಿಸ್ಮತ್ ಬೆಸೆದು ಒಂದು ಬೆಸುಗೆಯನ್ನು ಕುದಿಯುವ ನೀರಿನ ಕಾವಿನಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇಟ್ಟ. ನೀರು ಕುದಿಯುವ ಬಿಸಿ ಬದಲಾಗದು, ಮಂಜು ಕರಗುವ ತಂಪು ಬದಲಾಗದು. ವೋಲ್ಟೂ ಬದಲಾಗದೆ ನಿಂತಿತು. ಉಪಾಧಿ ಕಳಚಿತು, ವ್ಯಾಪ್ತಿ ಎದ್ದು ಕಂಡಿತು. 1827ರಲ್ಲಿ ಪುಸ್ತಕ ಬಂತು. ಅವನ ದೇಶದ ವಿದ್ವಾಂಸರು ಅದನ್ನು ತಣ್ಣಗೆ ಕಂಡರು, ಅವನು ಕಲೋನಿನ ಕೆಲಸ ಬಿಟ್ಟ, ಬಹಳ ವರ್ಷ ಸಂಕಟಪಟ್ಟ. ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟದ್ದು 1841ರಲ್ಲಿ. ತನ್ನ ತಪ್ಪನ್ನು ತಾನೇ ಪ್ರಕಟಿಸಿ ತಾನೇ ತಿದ್ದಿಕೊಂಡ ಆ ಮೇಷ್ಟ್ರ ಮೇಲೆ ನನಗೆ ಗುರುಭಕ್ತಿ ಇದೆ.

ಕರೆಂಟನ್ನು ನಂಬುವುದೆಂದರೆ ಇದು. ಮಳವಳ್ಳಿ ಕಡೆಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲಿ 35,000 ವೋಲ್ಟಿನಲ್ಲಿ ಲೈನು ಎಳೆದರಲ್ಲ, ಸುಮಾರು 147 ಕಿಲೋಮೀಟರ್, ಆ ದೂರವನ್ನು ದಾಟಿ ಪವರ್ ಉಳಿಯುತ್ತದೆಯೇ ಎಂಬುದನ್ನು ಮೊದಲು ಹೇಳಿದ್ದು ಕಾಗದದ ಮೇಲಿನ ಲೆಕ್ಕ. ವೋಲ್ಟು ಏರಿಸಿದರೆ ಅಷ್ಟೇ ಪವರಿಗೆ ಆಂಪಿಯರ್ ಇಳಿಯುತ್ತದೆ. ತಂತಿಯಲ್ಲಿ ಕಾವಾಗಿ ಹಾಳಾಗುವುದು ಆಂಪಿಯರಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ಕಂಬ ನೆಟ್ಟವರು ಈ ಕಾಣದ ನಷ್ಟವನ್ನು ನಂಬಿಯೇ ನೆಟ್ಟರು. ಆದರೆ ಆ ನಂಬಿಕೆ ಸೋಲುವುದಕ್ಕೂ ಸಿದ್ಧವಾಗಿತ್ತು. ಗಣಿಯ ಮೋಟಾರು ತಿರುಗದಿದ್ದರೆ ಲೆಕ್ಕ ತಪ್ಪು ಎಂದು ಒಪ್ಪಬೇಕಿತ್ತು. ಬಲ್ಬು ಹತ್ತದಿದ್ದರೆ ನಾವು "ಕರೆಂಟಿಲ್ಲ" ಎನ್ನುತ್ತೇವೆ, ಹಾಗೆ ಹೇಳಲು ಯಾರಿಗೂ ಅಂಜಿಕೆಯಿಲ್ಲ. ಪ್ರಾರ್ಥನೆಗೆ ಫಲ ಕಾಣದಿದ್ದರೆ "ದೇವರಿಲ್ಲ" ಎಂದು ಆ ಪ್ರವಚನಕಾರರು ಒಪ್ಪುತ್ತಾರೆಯೇ? ಒಪ್ಪುವುದಿಲ್ಲ. ಒಪ್ಪಬಾರದು ಕೂಡ. ಹಾಗಿದ್ದ ಮೇಲೆ ಕರೆಂಟನ್ನು ಸಾಕ್ಷಿಗೆ ಕರೆಯುವುದು ಯಾಕೆ? ಸಾಕ್ಷಿ ಹೇಳುವುದರಲ್ಲಿ ತಮಗೆ ಬೇಕಾದ ಅರ್ಧ ಮಾತ್ರ ಕೇಳಿಸಿಕೊಂಡ ಹಾಗಾಯಿತು.

ಈ ಮಾತನ್ನು ನಾನು ಮೇಲುಕೋಟೆಯಲ್ಲಿ ಹೆದರಿ ಹೆದರಿ ಹೇಳಿದ್ದೆ. ಎದುರಿಗೆ ಕೂತವರು ದಿನಕ್ಕೆ ಎರಡು ಹೊತ್ತು ಚೆಲುವನಾರಾಯಣಸ್ವಾಮಿಯ ದರ್ಶನ ಮಾಡುವವರು. ಅವರು ಬೇಸರ ಮಾಡಿಕೊಳ್ಳಲಿಲ್ಲ. "ನಮ್ಮ ಆಚಾರ್ಯರೂ ಇದನ್ನೇ ಹೇಳಿದ್ದು" ಎಂದು ಒಳಗೆ ಹೋಗಿ ರಾಮಾನುಜರ ಶ್ರೀಭಾಷ್ಯ ತಂದರು.

ನಾನು ತಿಳಿದುಕೊಂಡದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ನೈಯಾಯಿಕರು ದೇವರನ್ನು ಅನುಮಾನದಿಂದಲೇ ಸಾಧಿಸಬಹುದೆಂದು ಹೊರಟವರು. ಮಡಕೆಗೆ ಕುಂಬಾರನಿದ್ದಾನೆ, ಲೋಕವೂ ಮಡಕೆಯ ಹಾಗೆ ಮಾಡಲ್ಪಟ್ಟದ್ದು, ಆದ್ದರಿಂದ ಲೋಕಕ್ಕೂ ಒಬ್ಬ ಕರ್ತೃ ಇರಬೇಕು. ಉದಯನಾಚಾರ್ಯರ ನ್ಯಾಯಕುಸುಮಾಂಜಲಿ ಈ ದಾರಿಯ ದೊಡ್ಡ ಗ್ರಂಥ. ರಾಮಾನುಜರು ಅದನ್ನು ಒಪ್ಪುವುದಿಲ್ಲ. ದೇವರು ಇಲ್ಲ ಎಂದು ಅವರು ಹೇಳುತ್ತಿಲ್ಲ, ಅವರ ಬದುಕೇ ಆ ದೇವರಿಗೆ ಮುಡಿಪು. ಆದರೆ ಈ ದಾರಿ ಅಲ್ಲಿಗೆ ಹೋಗುವುದಿಲ್ಲ ಎನ್ನುತ್ತಾರೆ. ಬೆಟ್ಟವನ್ನೂ ಸಮುದ್ರವನ್ನೂ ಒಬ್ಬನೇ ಒಂದೇ ಕಾಲಕ್ಕೆ ಮಾಡಿದ ಎಂದು ಮಡಕೆ ನೋಡಿ ಹೇಳಲಾಗದು. ಬೇರೆ ಬೇರೆಯವರು ಬೇರೆ ಬೇರೆ ಕಾಲಕ್ಕೆ ಮಾಡಿರಬಹುದು. ಕುಂಬಾರನಿಗೆ ಮೈಯಿದೆ, ಕರ್ಮವಿದೆ, ಗೊತ್ತಿಲ್ಲದ್ದು ಎಷ್ಟೋ ಇದೆ. ಕುಂಬಾರನಿಂದ ಅಳೆದು ತೆಗೆದ ದೇವರಿಗೂ ಅವೆಲ್ಲ ಅಂಟಿಕೊಳ್ಳುತ್ತವೆ. ಬ್ರಹ್ಮವನ್ನು ತಿಳಿಯಲು ಶಾಸ್ತ್ರವೊಂದೇ ಪ್ರಮಾಣ ಎಂಬುದು ಅವರ ಸಿದ್ಧಾಂತ.

ಎಂಟುನೂರು ಒಂಬೈನೂರು ವರ್ಷದ ಹಿಂದೆ, ಅದೇ ಮೇಲುಕೋಟೆಯ ಬೆಟ್ಟದ ಮೇಲೆ ಇದ್ದು ಹೋದ ಒಬ್ಬ ಪರಮ ಭಕ್ತರು, ತಮ್ಮ ದೇವರ ಪರವಾಗಿಯೇ ಕಟ್ಟಿದ ವಾದವನ್ನು ಒಂದೊಂದೇ ಗಂಟು ಬಿಚ್ಚಿ ಕೆಳಗಿಟ್ಟರು. ಆ ಜಗುಲಿಯ ಮೇಲೆ ಇದನ್ನು ಕೇಳುತ್ತ ಕೂತಾಗ ನನಗೆ ಮೈ ಜುಮ್ಮೆಂದಿತು. ನೈಯಾಯಿಕರಿಗೆ ಇದಕ್ಕೆ ಉತ್ತರಗಳಿವೆ ಎಂದೂ ವಿದ್ವಾಂಸರು ಹೇಳಿದರು, ಪ್ರಾಮಾಣಿಕರು ಅವರು. "ಇನ್ನೊಂದು ತಿಳ್ಕೋಪ್ಪಾ. ಅನುಮಾನ ಅಲ್ಲಿಗೆ ಹೋಗಲ್ಲ ಅಂದ ಮೇಲೆ, ಇಲ್ಲ ಅನ್ನೋಕೂ ಹೋಗಲ್ಲ. ನಿನ್ನ ಮೀಟರ್ ಹಿಡಿದು ದೇವರಿಲ್ಲ ಅಂತ ಬಂದರೂ ನಾನು ಒಪ್ಪಲ್ಲ" ಎಂದರು. ನನ್ನ ಕ್ಲಾಸಿನಲ್ಲೂ ಅಂಥ ಚುರುಕು ಹುಡುಗರಿದ್ದರು, ಎಲ್ಲಕ್ಕೂ ಸೂತ್ರವಿದೆ, ದೇವರು ಎಲ್ಲಿ ಬೇಕು ಎನ್ನುವವರು. ಅವರಿಗೂ ನಾನು ಇದನ್ನೇ ಹೇಳಿದ್ದೇನೆ.

ಶಾಸ್ತ್ರವೊಂದೇ ಪ್ರಮಾಣ ಎನ್ನುವಲ್ಲಿ ನಾನು ರಾಮಾನುಜರ ಹಿಂದೆ ಪೂರ್ತಿ ಹೋಗಲಾರೆ. ನನಗೆ ಸಂಸ್ಕೃತ ಬರುವುದಿಲ್ಲ. ನಮ್ಮ ಮನೆಯ ದೇವರು ಮಲೆ ಮಹದೇಶ್ವರ, ನಮ್ಮ ಬಾಯಲ್ಲಿ ಮಾದಪ್ಪ, ಅವನನ್ನು ನಾವು ತಿಳಿದದ್ದು ಕಂಸಾಳೆಯವರ ಬಾಯಿಂದ, ಬೆಟ್ಟ ಹತ್ತಿದ ಕಾಲಿನಿಂದ. ಆದರೆ ಅನುಮಾನದ ಬಾಗಿಲಿಗೆ ಅವರು ಹಾಕಿದ ಅಗಳಿ ನನ್ನ ಮನೆಯನ್ನು ಕಾಪಾಡಿತು. ಹೇಗೆಂದು ಹೇಳಬೇಕಾದರೆ ತಮ್ಮನ ಮಾತಿಗೆ ಬರಬೇಕು.

ಕರೆಂಟನ್ನು ಯಾರೂ ಕಂಡಿಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಕಣ್ಣು ಕಾಣದು, ಚರ್ಮ ಕಾಣುತ್ತದೆ. ಓಮನಿಗಿಂತ ಎಷ್ಟೋ ಮೊದಲು, 1781ರಲ್ಲಿ, ಲಂಡನ್ನಿನ ಹೆನ್ರಿ ಕ್ಯಾವೆಂಡಿಶ್ ಉಪ್ಪುನೀರು ತುಂಬಿದ ಗಾಜಿನ ಕೊಳವೆಗಳ ಮೂಲಕ ಲೇಡನ್ ಜಾಡಿಯ ವಿದ್ಯುತ್ತನ್ನು ತನ್ನ ಮೈಗೇ ಹಾಯಿಸಿಕೊಂಡು, ಏಟಿನ ಜೋರನ್ನು ಹೋಲಿಸಿ ನೋಡುತ್ತ, ಹೆಚ್ಚು ಕಡಿಮೆ ಅದೇ ನಿಯಮಕ್ಕೆ ಬಂದಿದ್ದ. ಪ್ರಕಟಿಸಲಿಲ್ಲ. ಮ್ಯಾಕ್ಸ್‌ವೆಲ್ ಎಂಬ ವಿಜ್ಞಾನಿ 1879ರಲ್ಲಿ ಆ ಟಿಪ್ಪಣಿಗಳನ್ನು ಅಚ್ಚು ಹಾಕಿಸಿದ ಮೇಲೆ ಲೋಕಕ್ಕೆ ತಿಳಿಯಿತು. ಅವನ ಮೈಯೇ ಅವನ ಮೀಟರು. ಆ ಕೊಳವೆಗಳು ತಡೆದು ಅವನನ್ನು ಉಳಿಸಿದವು.

ನನ್ನ ತಮ್ಮನನ್ನು ಉಳಿಸಲು ಏನೂ ಇರಲಿಲ್ಲ. 1989ರ ಮುಂಗಾರು. ಕಬ್ಬಿಗೆ ನೀರು ಬಿಡಲು ಬೆಳಗಿನ ಜಾವ ಪಂಪ್‌ಸೆಟ್ಟಿಗೆ ಹೋದ. ರಾತ್ರಿ ಮಳೆಯಾಗಿತ್ತು, ನೆಲ ಕೆಸರು, ಬರಿಗಾಲು, ಕೈ ಒದ್ದೆ. ಸ್ಟಾರ್ಟರಿನ ಕಬ್ಬಿಣದ ಪೆಟ್ಟಿಗೆಯೊಳಗೆ ಒಂದು ಫೇಸಿನ ವೈರು ಸುಲಿದು ಮೈಗೆ ತಾಗಿತ್ತು. ಅರ್ಥ್ ವೈರು ಯಾವತ್ತೋ ನೆಲದ ಹತ್ತಿರ ಕಿತ್ತುಹೋಗಿತ್ತು. ಅದನ್ನು ನೋಡಿ ಸರಿಮಾಡಬೇಕಿದ್ದವನು ಎಲೆಕ್ಟ್ರಿಷಿಯನ್ ಮೇಷ್ಟ್ರಾದ ನಾನು. ಹಬ್ಬಕ್ಕೆ ಬಂದಾಗ ನೋಡೋಣ ಎಂದುಕೊಂಡಿದ್ದೆ.

ಅವನ ಕಾರ್ಯ ಮುಗಿದ ರಾತ್ರಿ ನಾನು ಲೆಕ್ಕ ಹಾಕಿದೆ. ಯಾಕೆ ಹಾಕಿದೆನೋ ಗೊತ್ತಿಲ್ಲ, ಕೈ ತಾನಾಗಿ ಹಾಕಿತು. ಒಣ ಚರ್ಮಕ್ಕೆ ಹತ್ತಾರು ಸಾವಿರ ಓಮ್ ತಡೆ ಇರಬಹುದು. ನೆನೆದ ಮೈಗೆ ಸುಮಾರು ಒಂದು ಸಾವಿರ. 230ನ್ನು ಸಾವಿರದಿಂದ ಭಾಗಿಸಿದರೆ 0.23 ಆಂಪಿಯರ್. ನಮ್ಮ ಆ 60 ವ್ಯಾಟಿನ ಬಲ್ಬಿಗಿಂತ ಸ್ವಲ್ಪ ಕಡಿಮೆ. ಎದೆಯ ಬಡಿತ ಹದ ತಪ್ಪಲು ಅದರಲ್ಲಿ ಕಾಲುಭಾಗ ಸಾಕು. ಮನೆಗಳಿಗೆ ಈಗ ಹಾಕುವ ಸುರಕ್ಷೆಯ ಸ್ವಿಚ್ಚು 30 ಮಿಲಿ ಆಂಪಿಯರ್ ಸೋರಿದರೇ ಲೈನು ಕಡಿದುಬಿಡುತ್ತದೆ, ಅಂದರೆ 0.03.

ಆ ಮನೆಯಲ್ಲಿ ಲೆಕ್ಕ ಹಾಕಿದವನು ನಾನೊಬ್ಬನೇ ಆಗಿರಲಿಲ್ಲ. ಅವ್ವನೂ ಹಾಕಿದ್ದಳು. ತಮ್ಮನಿಗೆ ಚಿಕ್ಕಂದಿನಲ್ಲಿ ಕಾಯಿಲೆಯಾಗಿದ್ದಾಗ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗಿ ಮುಡಿ ಕೊಡಿಸುವ ಹರಕೆ ಹೊತ್ತಿದ್ದಳಂತೆ. ಒಂದು ವರ್ಷ ಕಬ್ಬು ಕಡಿಯುವ ಕಾಲ ಬಂತು, ಒಂದು ವರ್ಷ ಅಪ್ಪ ತೀರಿಕೊಂಡರು, ಹಾಗೇ ಉಳಿದುಹೋಯಿತು. "ಮಾದಪ್ಪ ಮುನುಸ್ಕಬುಟ್ಟ ಕನ ಮಗ. ನಾನೇ ಕೊಂದೆ ಅವ್ನ" ಎಂದು ಅಂದವಳು ಮತ್ತೆ ಬೇರೆ ಮಾತಾಡಲಿಲ್ಲ. ಊರಿನವರೂ ಹಾಗೆಯೇ ಹೇಳಿದರು. ಸಮಾಧಾನ ಹೇಳಲು ಬಂದವರೇ ಹೇಳಿದರು. ಎರಡು ವರ್ಷ ಅವಳು ದೇವರ ಗೂಡಿಗೆ ದೀಪ ಹಚ್ಚುವಳು, ಆದರೆ ಮುಖ ಎತ್ತಿ ನೋಡಳು.

ನಾನು ಅರ್ಥ್ ವೈರಿನ ಮಾತು ಹೇಳಿದೆ, ನನ್ನ ತಪ್ಪು ಹೇಳಿ ಅತ್ತೆ. ಅವಳಿಗೆ ಅದು ತಟ್ಟಲಿಲ್ಲ. "ಆ ವೈರು ಕಿತ್ತೋಗಂಗೆ ಮಾಡ್ದೋರ್ಯಾರು?" ಎಂದಳು. ನನ್ನ ಭಾಗಾಕಾರ ಅಲ್ಲಿಗೆ ನಿಂತುಹೋಯಿತು.

ಪ್ರವಚನ ಕೇಳುವಾಗ ನನಗಾದ ಸಂಕಟದ ಬೇರು ಇಲ್ಲಿದೆ. ಹತ್ತಿದ ಬಲ್ಬನ್ನು ನೋಡಿ ದೇವರ ಇರವನ್ನು ಲೆಕ್ಕ ಹಾಕಬಹುದಾದರೆ, ಸತ್ತ ಮಗನನ್ನು ನೋಡಿ ದೇವರ ಮುನಿಸನ್ನೂ ಲೆಕ್ಕ ಹಾಕಬಹುದು. ಮೊದಲನೆಯದಕ್ಕೆ ಚಪ್ಪಾಳೆ ತಟ್ಟಿ ಎರಡನೆಯದನ್ನು ಬೇಡ ಎನ್ನಲು ಬರುವುದಿಲ್ಲ. ಎರಡೂ ಒಂದೇ ಗಣಿತ. ತೀರದ ಹರಕೆ ಒಂದು ಅಂಕಿ, ಸಾವು ಇನ್ನೊಂದು ಅಂಕಿ, ಭಾಗಿಸಿದರೆ ಬಂದದ್ದು ದೇವರ ಕೋಪ. ಹರಕೆ ತೀರಿಸದೆ ನೂರು ವರ್ಷ ಬದುಕಿದವರೆಷ್ಟು, ತೀರಿಸಿ ಬರುವಾಗ ದಾರಿಯಲ್ಲಿ ಸತ್ತವರೆಷ್ಟು, ಎಂದು ಆ ಲೆಕ್ಕ ಕೇಳುವುದಿಲ್ಲ. ಕಾದ ಕಬ್ಬಿಣದ ಗುಂಡು ಅಲ್ಲೇ ಎದುರಿಗೆ ಬಿದ್ದಿದ್ದರೂ ಕಾಣುವುದಿಲ್ಲ.

1992ರ ವೈರಮುಡಿ ಉತ್ಸವಕ್ಕೆ ಅವ್ವನನ್ನು ಬಲವಂತವಾಗಿ ಮೇಲುಕೋಟೆಗೆ ಕರೆದುಕೊಂಡು ಹೋದೆ. ಉತ್ಸವದ ಮಾರನೆಯ ದಿನ ವಿದ್ವಾಂಸರ ಮನೆಯ ಜಗುಲಿಯಲ್ಲಿ ಕೂತಿದ್ದೆವು. ನಾನು ಮೊದಲೇ ಅವರಿಗೆ ಎಲ್ಲ ಹೇಳಿದ್ದೆ. ಅವರು ಅವ್ವನಿಗಿಂತ ಹಿರಿಯರು. ಒಳಗಿನಿಂದ ತಾವೇ ಪುಳಿಯೋಗರೆ ತಂದು ಇಟ್ಟು, ಎದುರಿಗೆ ಮಣೆ ಹಾಕಿಕೊಂಡು ಕೂತು, ನಿಧಾನವಾಗಿ ಮಾತಾಡಿದರು.

"ನೋಡಮ್ಮ, ನಾನು ಜೀವಮಾನವೆಲ್ಲ ಓದಿದ್ದು ಒಂದೇ ಪುಸ್ತಕ. ಅದರಲ್ಲಿ ನಮ್ಮ ಆಚಾರ್ಯರು ಹೇಳ್ತಾರೆ, ಲೋಕದಲ್ಲಿ ಕಾಣೋದನ್ನ ಇಟ್ಟುಕೊಂಡು ದೇವರು ಇಂಥವನು ಅಂತ ಗುಣಿಸಿ ಭಾಗಿಸಿ ಹೇಳೋಕೆ ಆಗಲ್ಲ ಅಂತ. ಅಷ್ಟು ದೊಡ್ಡವರಿಗೇ ಆಗದ ಲೆಕ್ಕ ನಿನಗೆ ಹೇಗಮ್ಮ ಗೊತ್ತಾಯ್ತು? ಅವನು ಮುನಿದ ಅಂತ ನಿನಗೆ ಯಾರು ಹೇಳಿದ್ದು? ಅವನು ಹೇಳಿದನೇ?"

ಅವ್ವ ಇಲ್ಲ ಎಂದು ತಲೆಯಾಡಿಸಿದಳು.

"ಅವನು ಹೇಳಲಿಲ್ಲ. ಊರಿನವರು ಹೇಳಿದರು. ನಿನ್ನ ಹೊಟ್ಟೆಯ ಉರಿ ಹೇಳ್ತು. ಮಗ ಹೋದ ಅನ್ನೋದು ನಿಜ. ವೈರು ಕಿತ್ತಿತ್ತು ಅನ್ನೋದು ನಿಜ. ಅಷ್ಟೇ ನಮಗೆ ಗೊತ್ತಿರೋದು. ಅದರಾಚೆಗೆ ಅವನ ಮನಸ್ಸಲ್ಲಿ ಏನಿತ್ತು ಅಂತ ನಾವು ಹೇಳೋದು ಅಪಚಾರ ತಾಯಿ. ಅವನ ಮೇಲೆ ಇಲ್ಲದ್ದು ಹೊರಿಸಿದ ಹಾಗೆ."

ರಾಮಾನುಜರ ಸೂತ್ರವ್ಯಾಖ್ಯಾನದಿಂದ ದೇವರ ಮುನಿಸಿನವರೆಗೆ ಅವರು ಮಾತನ್ನು ಎಳೆದದ್ದು ಅವರ ಸ್ವಂತದ್ದು, ಗ್ರಂಥದಲ್ಲಿ ಹಾಗೆ ಬರೆದಿಲ್ಲ ಎಂದು ಆಮೇಲೆ ಅವರೇ ನನಗೆ ಹೇಳಿದರು. ಆದರೆ ಎಳೆ ನೇರವಾಗಿದೆ ಎಂದು ನನಗೆ ಆಗಲೂ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಅವ್ವ ಅಳಲಿಲ್ಲ. ಎಲೆಯಲ್ಲಿದ್ದ ಪುಳಿಯೋಗರೆಯನ್ನು ಒಂದಗುಳೂ ಬಿಡದೆ ಉಂಡಳು. ತಮ್ಮ ಹೋದ ಮೇಲೆ ಅವಳು ಹಾಗೆ ಉಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅದೇ ವರ್ಷ ದೀಪಾವಳಿ ಜಾತ್ರೆಗೆ ಮುಂಚೆ ಒಂದು ದಿನ, ನಾನು ಹೊಲದ ಪಂಪ್‌ಸೆಟ್ಟಿಗೆ ಹೊಸ ಅರ್ಥ್ ಹಾಕುತ್ತಿದ್ದೆ. ಗುಂಡಿ ತೋಡಿ, ಪೈಪು ಇಳಿಸಿ, ಇದ್ದಿಲು ಒಂದು ಪದರ, ಉಪ್ಪು ಒಂದು ಪದರ ತುಂಬುತ್ತಿದ್ದೆ. ಅವ್ವ ಬುತ್ತಿ ತಂದವಳು ಬದುವಿನ ಮೇಲೆ ಕೂತು ನೋಡುತ್ತಿದ್ದಳು. ಗುಂಡಿಗೆ ನೀರು ಹುಯ್ಯಲು ನಾನು ಬಿಂದಿಗೆ ಎತ್ತಿದಾಗ ಅವಳೇ ಈಸಿಕೊಂಡು ಹುಯ್ದಳು. ನೀರು ಇಂಗುವ ತನಕ ನೋಡುತ್ತ ನಿಂತಿದ್ದು, "ಬೆಟ್ಟುಕ್ಕೆ ಹೋಗ್ಬರಾನ ಮಗ" ಎಂದಳು.

"ಹರಕೆ ತೀರ್ಸೋಕಾ ಅವ್ವ?"

"ಹರ್ಕೆಗಲ್ಲ ಕನ. ಸುಮ್ಕೆ. ಮಾದಪ್ಪುನ್ನ ನೋಡಿ ಬಾಳ ದಿನ ಆಯ್ತು."